ಅಸ್ಸಾಮಿನ ಪಕ್ಕದವನು

ಇಂದಿರಾನಗರದ ಕಾಫಿ ಅಂಗಡಿಗಳು ನನಗೆ ಒಗ್ಗುವುದಿಲ್ಲ. ಅಲ್ಲಿನ ಎತ್ತರದ ಕುರ್ಚಿ ನನ್ನ ಸೊಂಟಕ್ಕೆ ಆಗದು, ಅಲ್ಲಿನ ಕಹಿ ಕಾಫಿ ನನ್ನ ನಾಲಗೆಗೆ ಆಗದು. ಆದರೂ ಬ್ಯಾಂಕಿನ ಕೌಂಟರಿನಲ್ಲಿ ನನ್ನ ಪಕ್ಕ ಕೂತು ಸವೆದ ಗೆಳತಿಯರಿಗೆ ನಿವೃತ್ತಿಯಾದ ಮೇಲೆ ತಿಂಗಳಿಗೊಮ್ಮೆ ಎಲ್ಲಾದರೂ ಸೇರಬೇಕೆಂಬ ಹುಚ್ಚು ಹತ್ತಿದೆ. ಬರುವುದಿಲ್ಲ ಎಂದರೆ ವಯಸ್ಸಾಯಿತು ಅನ್ನುತ್ತಾರೆ. ಆ ಮಾತು ಕೇಳುವುದಕ್ಕಿಂತ ಕುರ್ಚಿ ಹತ್ತುವುದೇ ಮೇಲು ಎಂದು ಹೋಗುತ್ತೇನೆ.

ಕಳೆದ ಚಳಿಗಾಲದಲ್ಲಿ ಹಾಗೆ ಹೋಗಿ ಕೂತಾಗ ಎದುರಿನ ಗೋಡೆಯಲ್ಲಿ, ಕರಿಯ ಚೌಕಟ್ಟಿನೊಳಗೆ, ನಮ್ಮ ಸರೋಜತ್ತೆ ನಿಂತಿದ್ದಳು. ಒಬ್ಬಳಲ್ಲ, ನಾಲ್ಕು ಮಂದಿ ಸರೋಜತ್ತೆಯರು. ಒಬ್ಬಳು ಪಂಜಾಬಿನವಳು, ಒಬ್ಬಳು ಬಂಗಾಳದವಳು, ಒಬ್ಬಳು ಮೈಸೂರಿನವಳು, ಕೊನೆಯವಳು ಅಸ್ಸಾಮಿನವಳು. ನಾಲ್ವರ ಪಕ್ಕದಲ್ಲೂ ಒಬ್ಬೊಬ್ಬ ಮೀಸೆಯ ಗಂಡಸು. ಅತ್ತೆ ನನ್ನ ಅಪ್ಪನ ತಂಗಿ. ಜೋಗುಪಾಳ್ಯದ ಗಲ್ಲಿಯಲ್ಲಿ ಹುಟ್ಟಿ ಬೆಳೆದವಳು, ಬ್ರಹ್ಮಪುತ್ರಾ ನದಿಯನ್ನು ಕನಸಿನಲ್ಲೂ ಕಂಡವಳಲ್ಲ.

ನಿಮಗೆ ನನ್ನಷ್ಟು ವಯಸ್ಸಾಗಿದ್ದರೆ ಆ ಚಾರ್ಟನ್ನು ನೀವೂ ನೋಡಿರುತ್ತೀರಿ. ಮೇಲೆ ಕೆಳಗೆ ತಗಡಿನ ಪಟ್ಟಿ, ನೇತುಹಾಕಲು ಒಂದು ದಾರ, ನೆತ್ತಿಯ ಮೇಲೆ 'ನಮ್ಮ ದೇಶದ ಉಡುಪುಗಳು' ಎಂಬ ತಲೆಬರಹ. ಸ್ವಾತಂತ್ರ್ಯ ಬಂದು, ರಾಜ್ಯಗಳನ್ನು ವಿಂಗಡಿಸಿ, ಇನ್ನೇನು ಎಲ್ಲ ಸರಿಹೋಗುತ್ತದೆ ಎಂದು ದೊಡ್ಡವರೆಲ್ಲ ನಂಬಿಕೊಂಡಿದ್ದ ಕಾಲದಲ್ಲಿ ಅಚ್ಚಾದದ್ದು ಅದು. ಒಂದೊಂದು ಹಾಳೆಯಲ್ಲಿ ನಾಲ್ಕು ರಾಜ್ಯ. ಒಂದು ರಾಜ್ಯಕ್ಕೆ ಒಂದು ಗಂಡು, ಒಂದು ಹೆಣ್ಣು. ಮಕ್ಕಳಿಲ್ಲ, ಮುದುಕರಿಲ್ಲ, ಸಾಲದವರಿಲ್ಲ. ಪಂಜಾಬಿನವನ ತೋಳಲ್ಲಿ ಗೋಧಿಯ ಹೊರೆ, ಬಂಗಾಳದವನ ಕೈಯಲ್ಲಿ ಮೀನು, ಕೇರಳದವನಿಗೆ ಕೊಡೆ, ಮೈಸೂರಿನವನಿಗೆ ಜರಿ ಪೇಟ. ಬೆಸ್ತರ ಹೆಂಗಸಿನ ಕೊರಳಲ್ಲಿ ಕಾಸಿನ ಸರ. ಉಳುವವನ ಪಂಚೆಯಲ್ಲಿ ಹುಡುಕಿದರೂ ಒಂದು ಮಣ್ಣಿನ ಕಲೆ ಸಿಕ್ಕುತ್ತಿರಲಿಲ್ಲ. ಇಡೀ ದೇಶ ಮಿಂದು ಮಡಿಯುಟ್ಟು ಯಾರದೋ ಮದುವೆಗೆ ಹೊರಟು ನಿಂತ ಹಾಗೆ ಕಾಣುತ್ತಿತ್ತು. ಮದುವೆ ಯಾರದು ಎಂದು ಮಾತ್ರ ಚಾರ್ಟಿನಲ್ಲಿ ಬರೆದಿರಲಿಲ್ಲ.

ನಮ್ಮ ಸುತ್ತಮುತ್ತ ಆ ಚಿತ್ರದ ಹಾಗೆ ಯಾರಿದ್ದರು? ಜರಿ ಪೇಟ ಇಟ್ಟವರನ್ನು ನಾನು ಕಂಡದ್ದು ಮದುವೆ ಛತ್ರದ ಬಾಗಿಲಲ್ಲಿ, ಅದೂ ಬಾಡಿಗೆಯ ಪೇಟ. ನಮ್ಮ ತಾತ ಖಾಕಿ ಚಡ್ಡಿ, ಮಸಿ ಬಡಿದ ಬನಿಯನ್ನಿನ ಮನುಷ್ಯ. ಎದುರು ಮನೆಯ ತಮಿಳು ಅಜ್ಜಿ ರವಿಕೆಯನ್ನೇ ತೊಡುತ್ತಿರಲಿಲ್ಲ, ಅವಳನ್ನು ಯಾವ ರಾಜ್ಯಕ್ಕೆ ಸೇರಿಸುವುದು? ಶಿವಾಜಿನಗರದಿಂದ ನಮ್ಮ ಶಾಲೆಗೆ ಬರುತ್ತಿದ್ದ ನನ್ನ ಗೆಳತಿ ಶಮೀಮಳ ಮನೆಗೆ ಒಮ್ಮೆ ಆ ಚಾರ್ಟಿನ ಇನ್ನೊಂದು ಹಾಳೆ ಒಯ್ದಿದ್ದೆವು, ಎಲ್ಲ ಮತಗಳವರೂ ಸಾಲಾಗಿ ನಿಂತಿದ್ದ ಹಾಳೆ. ಮುಸ್ಲಿಂ ಜೋಡಿಯ ಗಂಡಸು ಮೊಣಕಾಲಿನವರೆಗೆ ಬಿಳಿಯ ಶೆರ್ವಾನಿ ತೊಟ್ಟು, ಗುಲಾಬಿ ಹಿಡಿದು ನಿಂತಿದ್ದ. ಶಮೀಮಳ ಅಮ್ಮಿ ಚಿತ್ರವನ್ನು ನೋಡಿದರು, ಲುಂಗಿ ಎತ್ತಿಕಟ್ಟಿ ಬಾಗಿಲಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ತಮ್ಮ ಗಂಡನನ್ನೂ ನೋಡಿದರು, ಈ ಗುಲಾಬಿಯವನು ಒಂದು ದಿನ ರಸೆಲ್ ಮಾರ್ಕೆಟ್ಟಿಗೆ ಹೋಗಿ ಕೈಮಾ ತಂದುಕೊಡಲಿ ನೋಡೋಣ ಎಂದರು. ಶಮೀಮಳ ಕಣ್ಣು ಮಾತ್ರ ಹೆಂಗಸಿನ ಮೇಲಿತ್ತು. "ಯೇ ತುಮಾರಿ ಫುಪ್ಪು ನೈ ಕ್ಯಾ?" ಎಂದು ಕೇಳಿದಳು. ಫುಪ್ಪು ಎಂದರೆ ಅವರಲ್ಲಿ ಅಪ್ಪನ ತಂಗಿ. ಹೌದು, ನನ್ನ ಫುಪ್ಪುವೇ ಎಂದು ನಾನು ಕೊರಳೆತ್ತಿ ಹೇಳಿದೆ.

ಆ ಹೆಮ್ಮೆಯನ್ನು ನಾನು ವರ್ಷಗಟ್ಟಲೆ ತಿಂದು ತೇಗಿದ್ದೇನೆ. ಶಾಲೆಯಲ್ಲಿ ರಾಜ್ಯಗಳ ಆಲ್ಬಂ ಮಾಡಿ ತರಲು ಹೇಳಿದರೆ, ಹಲಸೂರಿನ ಪುಸ್ತಕದಂಗಡಿಯಲ್ಲಿ ಅದೇ ಚಾರ್ಟಿನ ಸಣ್ಣ ಪ್ರತಿ ಸಿಕ್ಕುತ್ತಿತ್ತು. ಎಲ್ಲ ಮಕ್ಕಳೂ ನಮ್ಮತ್ತೆಯ ಸುತ್ತ ಕತ್ತರಿಯಾಡಿಸಿ ಅನ್ನದ ಅಗುಳಿನಿಂದ ಅಂಟಿಸುತ್ತಿದ್ದರು. ಒಂದು ವರ್ಷ ನನ್ನ ಕತ್ತರಿ ಜಾರಿ ಒರಿಸ್ಸಾದ ಅತ್ತೆಯ ಕೈ ಹಾರಿಹೋಯಿತು. ನಿಜವಾದ ಅತ್ತೆಯ ಮನೆಗೆ ಹೋಗಿ ಅವಳ ಎರಡೂ ಕೈ ಸರಿಯಾಗಿವೆಯೇ ಎಂದು ನೋಡಿಕೊಂಡು ಬಂದೆ.

ಅತ್ತೆ ಚಾರ್ಟಿಗೆ ಹತ್ತಿದ್ದು ಹೇಗೆ ಎಂದು ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ. ತಾತ ಶಿವಾಜಿನಗರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಮಷೀನ್ ಓಡಿಸುತ್ತಿದ್ದರು. ಆ ಪ್ರೆಸ್ಸಿಗೆ ಚಿತ್ರ ಬರೆದುಕೊಡುತ್ತಿದ್ದವರು ರಿಚರ್ಡ್ಸ್ ಟೌನಿನ ಜೋಸೆಫ್ ಮಾಸ್ಟರ್ ಎಂಬ ಮುದುಕರು. ಅಂಗಡಿ ಬೋರ್ಡು, ಚರ್ಚಿನ ಗೋಡೆಗೆ ಸಂತರು, ಊದುಬತ್ತಿ ಪೊಟ್ಟಣಕ್ಕೆ ಲಕ್ಷ್ಮಿ, ಯಾವುದಕ್ಕೂ ಅವರು ಸೈ. ಉಡುಪುಗಳ ಚಾರ್ಟಿನ ಕೆಲಸ ಬಂದಾಗ, ಅಲ್ಲಾಡದೆ ಕೂರುವ ಒಬ್ಬ ಹುಡುಗಿ ಬೇಕು ಎಂದರಂತೆ. ತಾತ ತಮ್ಮ ಮಗಳನ್ನು ಕಳಿಸಿದರು. ಹರೆಯದ ಹುಡುಗಿಯನ್ನು ಯಾರದೋ ಮನೆಯಲ್ಲಿ ಕೂರಿಸುವುದೇ ಎಂದು ಅಜ್ಜಿ ರಂಪ ಮಾಡಿದಳು. ಮಾಸ್ಟರ ಹೆಂಡತಿ ಪೂರ್ತಿ ಹೊತ್ತು ಅಲ್ಲೇ ಇರುತ್ತಾಳೆ, ಬೇರೆ ನರಪಿಳ್ಳೆ ಒಳಗೆ ಬರುವುದಿಲ್ಲ ಎಂದು ಮಾತಾದ ಮೇಲೇ ಬಿಟ್ಟಳು.

ಅತ್ತೆ ಅಲ್ಲಿ ಕೂತದ್ದು ಎರಡು ಮೂರು ಮಧ್ಯಾಹ್ನ, ಅಷ್ಟೇ. ಉಟ್ಟಿದ್ದದ್ದು ತನ್ನದೇ ನೀಲಿ ಲಂಗ ದಾವಣಿ. ಬಾಗಿಲಲ್ಲಿ ಮಾಸ್ಟರ ಹೆಂಡತಿ ಉಲ್ಲನ್ ಹೆಣೆಯುತ್ತ ಕೂತಿದ್ದರು, ಕೊನೆಗೆ ಒಂದು ತುಂಡು ಕೇಕು ಕೊಡುತ್ತಿದ್ದರು. ಅದರಲ್ಲಿ ಮೊಟ್ಟೆ ಇತ್ತು ಎಂಬುದು ಅಜ್ಜಿ ಸಾಯುವವರೆಗೂ ಅಜ್ಜಿಗೆ ಗೊತ್ತಾಗಲಿಲ್ಲ. ಮಾಸ್ಟರು ಅವಳ ಮುಖವನ್ನು ಒಂದೇ ಒಂದು ಸಲ ಬರೆದುಕೊಂಡರು. ಆಮೇಲೆ ಅದರ ಮೇಲೆ ತೆಳು ಕಾಗದ ಹಾಸಿ, ಗೆರೆಯ ಗುಂಟ ಸೂಜಿಯಿಂದ ತೂತು ಚುಚ್ಚುತ್ತ ಕೂತರು. ಆ ತೂತಿನ ಕಾಗದವನ್ನು ಬೇರೆ ಹಾಳೆಯ ಮೇಲಿಟ್ಟು, ಇದ್ದಿಲು ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ತಟ್ಟಿದರೆ, ನಾವು ಹೊಸಿಲಿಗೆ ರಂಗೋಲಿ ಪಡಿಯಚ್ಚು ಒತ್ತುವುದಿಲ್ಲವೇ, ಹಾಗೆ ಚುಕ್ಕಿಗಳಲ್ಲಿ ಮುಖ ಮೂಡುತ್ತಿತ್ತು. ಒಂದು ಮುಖವೇ ಒಂದು ದೇಶಕ್ಕೆ ಸಾಕಾಯಿತು. ಬಟ್ಟೆಬರೆಯನ್ನೆಲ್ಲ ಅವರು ಯಾವುದೋ ಪತ್ರಿಕೆ ನೋಡಿ ತೊಡಿಸಿದರು.

ಮುಖವನ್ನು ಮಾತ್ರ ಇದ್ದ ಹಾಗೇ ಬರೆದಿದ್ದರು. ಅತ್ತೆ ಚಿಕ್ಕವಳಿದ್ದಾಗ ಒರಳಿನ ಅಂಚಿಗೆ ಬಿದ್ದು ಬಲ ಹುಬ್ಬು ಸೀಳಿತ್ತು. ಅಲ್ಲಿ ಮತ್ತೆ ಕೂದಲು ಬರಲಿಲ್ಲ. ಕಾಶ್ಮೀರದಿಂದ ಕೇರಳದವರೆಗೆ ಎಲ್ಲ ಹೆಂಗಸರ ಬಲ ಹುಬ್ಬಿನಲ್ಲೂ ಆ ಸೀಳು ಇದೆ.

ಇನ್ನು ಅತ್ತೆಯ ಗಂಡ ರಾಜಣ್ಣ ಮಾವನ ಕಥೆ. ಮಾವ ಕೆ.ಆರ್. ಪುರದ ಒಂದು ಶಾಲೆಯಲ್ಲಿ ಮೇಷ್ಟರು. ಅವರ ತರಗತಿಯ ಗೋಡೆಯ ಮೇಲೆ ಇದೇ ಹಾಳೆ ನೇತಾಡುತ್ತಿತ್ತು. ಮದುವೆಯಿಲ್ಲದ ಮೇಷ್ಟರು, ಎದುರಿಗೆ ದಿನವೂ ಅದೊಂದು ಮುಖ. ಅವರ ಕುರ್ಚಿಗೆ ನೇರವಾಗಿ ಕಾಣುತ್ತಿದ್ದದ್ದು ಅಸ್ಸಾಂ. ಹೆಣ್ಣು ನೋಡಲು ಜೋಗುಪಾಳ್ಯಕ್ಕೆ ಬಂದಾಗ, ಕೇಸರಿಬಾತಿನ ತಟ್ಟೆ ಹಿಡಿದು ಅತ್ತೆ ಹೊರಬಂದಳು. ಮಾವ ಎದ್ದು ನಿಂತು "ಅಸ್ಸಾಂ" ಎಂದರಂತೆ. ಹುಡುಗನಿಗೆ ಅಷ್ಟು ದೂರ ವರ್ಗವಾಗಿದೆಯೇನೋ ಎಂದು ಅಜ್ಜಿಗೆ ಗಾಬರಿ. ವಿಷಯ ತಿಳಿದ ಮೇಲೆ ನಗುವೋ ನಗು. ಹುಡುಗ ನಮ್ಮ ಹುಡುಗಿಯನ್ನು ವರ್ಷಗಳಿಂದ ನೋಡುತ್ತಿದ್ದಾನೆ, ಇನ್ನೇನು ನೋಡುವುದಿದೆ ಎಂದು ತಾತ ಆವತ್ತೇ ತಾಂಬೂಲ ಬದಲಾಯಿಸಿಬಿಟ್ಟರು.

ಮದುವೆಯಾದ ಹೊಸದರಲ್ಲಿ ಮಾವ ಸಂಭ್ರಮದಿಂದ ಅತ್ತೆಯನ್ನು ಶಾಲೆಗೆ ಕರೆದುಕೊಂಡು ಹೋಗಿ ಮಕ್ಕಳ ಮುಂದೆ ನಿಲ್ಲಿಸಿದರು. ಮಕ್ಕಳು ಚಾರ್ಟು ನೋಡಿದರು, ಅತ್ತೆಯನ್ನು ನೋಡಿದರು, ಚಪ್ಪಾಳೆ ತಟ್ಟಿದರು. ಆಗ ಪಕ್ಕದ ತರಗತಿಯ ಮೇಷ್ಟರೊಬ್ಬರು ಬಾಗಿಲಲ್ಲಿ ಇಣುಕಿ, ಇವರೇನೋ ನಿಮ್ಮ ಮನೆಯವರು ಸರಿ, ಪಕ್ಕದಲ್ಲಿ ನಿಂತಿರೋರು ಯಾರು ಎಂದು ತಮಾಷೆಗೆ ಕೇಳಿದರು. ಕೇಳಿದವರು ಮರೆತರು. ಆದರೆ ಆ ಪ್ರಶ್ನೆ ಮಾವನ ಕಿವಿಗೆ ಹೊಕ್ಕಿದ್ದು ಈಚೆ ಬರಲೇ ಇಲ್ಲ.

ನಮ್ಮ ಮಾವ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳಿಗೆ ತಾವೇ ಜಡೆ ಹಾಕುತ್ತಿದ್ದರು. ಅತ್ತೆಗೆ ಜ್ವರ ಬಂದರೆ ಗಂಜಿ ಮಾಡುತ್ತಿದ್ದರು. ಸಂಬಳದ ದಿನ ಹಲಸೂರಿನವರೆಗೂ ಹೋಗಿ ಮೈಸೂರುಪಾಕು ತರುತ್ತಿದ್ದರು. ಆದರೆ ಆ ಚಾರ್ಟಿನ ಗಂಡಸಿನ ವಿಷಯಕ್ಕೆ ಬಂದರೆ ಅವರು ಬೇರೆಯೇ ಮನುಷ್ಯ. ಎಲ್ಲ ರಾಜ್ಯದಲ್ಲೂ ಅವನೇ ಅಲ್ಲವೇ? ಮೀಸೆ ಒಮ್ಮೆ ಗಿರಿಜಾ, ಒಮ್ಮೆ ಸಣ್ಣದು, ಒಮ್ಮೆ ಗಡ್ಡದೊಳಗೆ ಮುಚ್ಚಿಹೋಗಿದೆ, ಆದರೆ ಮುಖ ಒಂದೇ. ಅವನಿಗೂ ಹುಬ್ಬಿನಲ್ಲಿ ಸೀಳಿದೆ, ಎಡ ಹುಬ್ಬಿನಲ್ಲಿ. ಸುಮ್ಮನೆ ಕಲ್ಪಿಸಿ ಬರೆಯುವವನು ಹುಬ್ಬಿನಲ್ಲಿ ಗಾಯ ಯಾಕೆ ಬರೆಯುತ್ತಾನೆ? ಆದ್ದರಿಂದ ಅಂಥವನೊಬ್ಬ ನಿಜವಾಗಿ ಇದ್ದ, ಆ ಕೋಣೆಯಲ್ಲಿ ಕೂತಿದ್ದ. ಇದು ಮಾವನ ತರ್ಕ. ಮೇಷ್ಟರ ತರ್ಕ, ಎಲ್ಲೂ ಸಡಿಲವಿಲ್ಲ.

ಆಗಸ್ಟ್ ಹದಿನೈದಕ್ಕೆ, ಜನವರಿ ಇಪ್ಪತ್ತಾರಕ್ಕೆ, ಶಾಲೆಯಲ್ಲಿ ಬಾವುಟ ಹಾರಿಸಿ ಬೂಂದಿ ಪೊಟ್ಟಣ ಹಿಡಿದು ಮನೆಗೆ ಬಂದಾಗ, ಇವತ್ತಾದರೂ ಹೇಳು ಸರೋಜಾ, ಯಾರವನು ಎಂದು ಕೇಳುತ್ತಿದ್ದರು. ನಗುತ್ತಲೇ ಕೇಳುತ್ತಿದ್ದರು. ನಾವೂ ನಗುತ್ತಿದ್ದೆವು. ನಾನೊಬ್ಬಳೇ ಹೋಗಿದ್ದು, ನಾನೊಬ್ಬಳೇ ಕೂತಿದ್ದು, ಬೇರೆ ಯಾರನ್ನೂ ಕಾಣೆ ಎಂದು ಅತ್ತೆ ಮೊದಮೊದಲು ಕೇಕಿನಿಂದ ಹಿಡಿದು ಸೂಜಿಯ ತೂತಿನವರೆಗೆ ಎಲ್ಲ ವಿವರಿಸುತ್ತಿದ್ದಳು. ಆಮೇಲಾಮೇಲೆ 'ಯಾರೂ ಇರಲಿಲ್ಲ' ಎಂದಷ್ಟೇ ಹೇಳಿ ಒಳಗೆ ಹೋಗತೊಡಗಿದಳು.

ಅದು ಬರೀ ತಮಾಷೆಯಲ್ಲ ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋಗುವಾಗ. ಒಂದು ಮಧ್ಯಾಹ್ನ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಅತ್ತೆ ತಾನಾಗಿಯೇ ಹೇಳಿದಳು. ಹಿರಿಯ ಮಗಳು ಕಂಕುಳಲ್ಲಿದ್ದಾಗ ಗಂಡ ಹೆಂಡತಿ ಜೋಗುಪಾಳ್ಯದಿಂದ ಬಸ್ಸಿನಲ್ಲಿ ವಾಪಸ್ಸು ಹೋಗುತ್ತಿದ್ದರಂತೆ. ಕಂಡಕ್ಟರ್ ಮಗುವಿನ ಕೆನ್ನೆ ಚಿವುಟಿ ಅತ್ತೆಯ ಕಡೆ ನೋಡಿ ನಕ್ಕ. ಅವನ ಎಡ ಹುಬ್ಬಿನಲ್ಲೊಂದು ಗಾಯದ ಗುರುತಿತ್ತು. ಮಾವ ಟಿನ್ ಫ್ಯಾಕ್ಟರಿಯ ಹತ್ತಿರ ಗಂಟೆ ಎಳೆದು ಇವಳನ್ನು ಇಳಿಸಿದರು. ಅಲ್ಲಿಂದ ಮನೆಯವರೆಗೆ ರಣಬಿಸಿಲಿನಲ್ಲಿ, ಅವರು ಮುಂದೆ ಇವಳು ಹಿಂದೆ, ಒಂದು ಮಾತಿಲ್ಲದೆ ನಡಿಗೆ. ಮನೆಗೆ ಬಂದ ಮೇಲೂ ಎಷ್ಟೋ ದಿನ ತಟ್ಟೆಯ ಮುಂದೆ ಕೂತು ಉಂಡು ಏಳುತ್ತಿದ್ದರೇ ಹೊರತು ಮಾತಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಅತ್ತು ಗೋಳಾಡಿ ತಾತನಿಗೆ ಹೇಳಬಾರದಿತ್ತೇ ಎಂದೆ.

"ಅಳೋಕೆ ನಾನೇನ್ ಮಾಡಿದ್ದೆ ಅಂತ ಅಳ್ಲೇ?" ಎಂದಳು ಅತ್ತೆ. "ನನಗೆ ಇನ್ನೇನೂ ಬೇಡ ಕಣೇ. ಸಾಯೋದ್ರೊಳಗೆ ಒಂದ್ಸಲ ಇವ್ರು, ನೀನ್ ಹೇಳಿದ್ದು ನಿಜ ಅನ್ಬೇಕು. ಅಷ್ಟೇ."

ಅದನ್ನು ಕೇಳಿ ಎಷ್ಟು ವರ್ಷವಾಯಿತೋ. ಮಕ್ಕಳ ಮದುವೆಯಾಯಿತು, ಮೊಮ್ಮಕ್ಕಳಾದರು. ಶಾಲೆಯ ಚಾರ್ಟನ್ನು ಗೆದ್ದಲು ತಿಂದಿತು. ಈಗ ಅತ್ತೆ ಮಾವ ರಾಮಮೂರ್ತಿ ನಗರದಲ್ಲಿ ಹಿರಿಯ ಮಗಳ ಮನೆಯಲ್ಲಿದ್ದಾರೆ. ಇಬ್ಬರಿಗೂ ಎಂಬತ್ತು ದಾಟಿದೆ, ಇಬ್ಬರ ಕಿವಿಯೂ ಚುರುಕಾಗಿದೆ. ಬಾವುಟದ ದಿನ ಟಿವಿಯಲ್ಲಿ ದೆಹಲಿಯ ಮೆರವಣಿಗೆ ನೋಡುವಾಗ ಅಸ್ಸಾಮಿನ ಕುಣಿತ ಬಂದರೆ ಮಾವ ಅತ್ತೆಯ ಕಡೆ ತಿರುಗುತ್ತಾರೆ. ಕೇಳುವುದು ಬಿಟ್ಟಿದ್ದಾರೆ, ತಿರುಗುವುದು ಬಿಟ್ಟಿಲ್ಲ.

ಹೀಗಿರುವಾಗ ಇಂದಿರಾನಗರದ ಗೋಡೆಯ ಮೇಲೆ ಅದೇ ಹಾಳೆ. ನನ್ನ ಸಡಗರ ನೋಡಿ ಗೆಳತಿಯರು, ಅತ್ತೆಯ ಜೊತೆ ಒಂದು ಸೆಲ್ಫಿ ತೆಗೆದುಕೋ ಎಂದರು. ಸೆಲ್ಫಿ ತೆಗೆಯುವುದರಲ್ಲಿ ನಾನು ಪರಮ ದಡ್ಡಿ. ಅರ್ಧ ಗಲ್ಲ, ಪೂರ್ತಿ ಮೂಗಿನ ಹೊಳ್ಳೆ, ಇಷ್ಟೇ ಬರುವುದು. ಅಸ್ಸಾಮಿನ ಪಕ್ಕ ತಲೆಯಿಟ್ಟು ಫೋನನ್ನು ಎತ್ತಿ ಹಿಡಿದು ಪರದೆ ನೋಡುತ್ತ ಜಾಗ ಸರಿಮಾಡಿಕೊಳ್ಳುತ್ತಿದ್ದೆ. ಅತ್ತೆಯ ಹುಬ್ಬಿನ ಸೀಳು ಎಡಕ್ಕೆ ಹೋಗಿತ್ತು. ಫೋನಿನ ಆ ಕಡೆಯ ಕ್ಯಾಮರಾ ಕನ್ನಡಿಯ ಹಾಗೆ ಎಡಬಲ ತಿರುಗಿಸಿ ತೋರಿಸುತ್ತದೆಂದು ನಿಮಗೆ ಗೊತ್ತೇ ಇದೆ. ನನಗೆ ಆಗ ಹೊಳೆಯಲಿಲ್ಲ. ಇದೇನು ಅತ್ತೆ ಅವನ ಹಾಗೆ ಕಾಣುತ್ತಿದ್ದಾಳಲ್ಲ ಎಂದುಕೊಂಡೆ.

ಫೋನು ಇಳಿಸಿ ಗೋಡೆಯ ಕಡೆ ತಿರುಗಿದೆ. ಗಾಜಿನ ಮೇಲೆ ಹೆಬ್ಬೆರಳಿಟ್ಟು ಅವನ ಮೀಸೆ ಮುಚ್ಚಿದೆ. ಅದೇ ಮೂಗು, ಅದೇ ತುಸು ಉಬ್ಬಿದ ಕೆಳತುಟಿ, ಅದೇ ಗಲ್ಲ. ಪಂಜಾಬಿನವನ ಮೀಸೆ ಮುಚ್ಚಿದೆ, ಅತ್ತೆ. ಬಂಗಾಳದವನದು ಮುಚ್ಚಿದೆ, ಅತ್ತೆ. ಜೋಸೆಫ್ ಮಾಸ್ಟರಿಗೆ ಜೋಡಿಗಳು ಒಬ್ಬರನ್ನೊಬ್ಬರು ನೋಡುವ ಹಾಗೆ ಬೇಕಾಗಿತ್ತು. ಗಂಡಸಿಗೆ ಬೇರೆ ಮುಖ ಎಲ್ಲಿಂದ ತರುವುದು? ಅದೇ ತೂತಿನ ಕಾಗದವನ್ನು ಮಗುಚಿ ಹಾಕಿ ಇದ್ದಿಲು ತಟ್ಟಿ, ಮೇಲೊಂದು ಮೀಸೆ ಬರೆದಿದ್ದಾರೆ. ಬಲಹುಬ್ಬಿನ ಸೀಳು ಎಡಕ್ಕೆ ಬಂದಿದೆ. ಹೊಸ ದೇಶದ ಗಂಡಸರು ಹೆಂಗಸರು ಎಲ್ಲರೂ ನಮ್ಮ ಸರೋಜತ್ತೆಯೇ. ಮಾವ ಇಷ್ಟು ಕಾಲ ಹೊಟ್ಟೆಕಿಚ್ಚು ಪಟ್ಟದ್ದು ಹೆಂಡತಿಯ ಮೇಲೇ.

ನನಗೆ ನಗು ಬಂತು, ಅಳುವೂ ಬಂತು. ಕಾಫಿ ತಂದ ಹುಡುಗಿ ಏನಾಯ್ತು ಮ್ಯಾಮ್ ಎಂದು ಹೆದರಿಕೊಂಡಳು. ಹಾಳೆಯ ಫೋಟೋ ತೆಗೆದುಕೊಂಡು, ಗೆಳತಿಯರನ್ನು ಅಲ್ಲೇ ಬಿಟ್ಟು, ಮೆಟ್ರೋ ಹತ್ತಿ ಬೆನ್ನಿಗಾನಹಳ್ಳಿಯಲ್ಲಿಳಿದು ಆಟೋ ಹಿಡಿದೆ. ದಾರಿಯುದ್ದಕ್ಕೂ ಅತ್ತೆಯ ಮುಖ ಹೇಗೆ ಅರಳುತ್ತದೆ ಎಂದು ನೆನೆದು ಒಬ್ಬಳೇ ಹಿಗ್ಗಿದೆ.

ಅವರೆಕಾಯಿಯ ಕಾಲ. ಅತ್ತೆ ನಡುಮನೆಯಲ್ಲಿ ಕೂತು ನೆನೆದ ಕಾಳು ಹಿತುಕುತ್ತಿದ್ದಳು. ಮಾವ ಕಿಟಕಿಯ ಹತ್ತಿರ ಪೇಪರು ಹಿಡಿದಿದ್ದರು. ನಾನು ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಮಾವನ ಕೈಗೆ ಫೋನು ಕೊಟ್ಟೆ. ಚಿತ್ರ ಕಂಡದ್ದೇ ಅವರ ಮುಖ ಬಿಗಿಯಿತು. ಮೀಸೆ ಮುಚ್ಚಿ ನೋಡಿ ಮಾವ ಎಂದೆ. ಕಾಗದ ಮಗುಚಿದ್ದನ್ನು, ಸೀಳು ಎಡಕ್ಕೆ ಬಂದದ್ದನ್ನು ಬಿಡಿಸಿ ಹೇಳಿದೆ. ಮಾವ ಬೆರಳನ್ನು ಪರದೆಯ ಮೇಲಿಟ್ಟರು, ತೆಗೆದರು, ಮತ್ತೆ ಇಟ್ಟರು. ಆಮೇಲೆ ಅತ್ತೆಯನ್ನು ನೋಡಿದರು. ಅವರ ಕಣ್ಣು ತುಂಬಿತು.

"ಸರೋಜಾ," ಎಂದರು, "ನೀನ್ ಹೇಳಿದ್ದು ನಿಜ ಕಣೆ. ಅಲ್ಲಿ ಯಾರೂ ಇರ್ಲಿಲ್ಲ. ಅವನೂ ನೀನೇ."

ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಮೀಸೆ ಮುಚ್ಚಿ ನೋಡಿದಳು. ನಗಲಿಲ್ಲ. ಫೋನನ್ನು ನನಗೆ ವಾಪಸ್ಸು ಕೊಟ್ಟು, ಕಾಳಿನ ಪಾತ್ರೆ ಮುಂದಕ್ಕೆಳೆದುಕೊಂಡಳು. ನಾನು ಪೆಚ್ಚಾದೆ.

"ಇದು ನಂಬೋದಲ್ಲ ರೀ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಕಣ್ಣೆದುರಿಗೆ ತಂದಿಟ್ರೆ ಬೀದೀಲಿ ಹೋಗೋರೂ ಒಪ್ಕೋತಾರೆ. ನೀವು ನನ್ನ ಗಂಡ. ನಾನ್ ಹೇಳ್ದೆ ಅನ್ನೋದೊಂದೇ ಸಾಕಾಗ್ಬೇಕಿತ್ತು ನಿಮಗೆ."

ಮಾವ ಕನ್ನಡಕ ತೆಗೆದರು, ಪಂಚೆಯ ಚುಂಗಿನಿಂದ ಒರೆಸಿದರು, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು. ನಾನು ಈ ಫೋನನ್ನು ತರಲೇಬಾರದಿತ್ತೇನೋ ಅನ್ನಿಸಿತು. ಒಳಗೆ ಕುಕ್ಕರ್ ಕೂಗಿತು, ಯಾರೂ ಏಳಲಿಲ್ಲ.

"ಈಗ ನಾನೇನ್ ಮಾಡ್ಲಿ, ಅದ್ನಾದ್ರೂ ಹೇಳು," ಎಂದರು ಕೊನೆಗೆ.

ಅತ್ತೆ ಒಂದೆರಡು ಕಾಳು ಹಿತುಕಿದಳು. "ಏನೂ ಮಾಡ್ಬೇಡಿ. ಇನ್ನಿರೋಷ್ಟು ದಿನ, ನಾನೊಂದು ಮಾತು ಹೇಳಿದ್ರೆ, ಹೂಂ ಅನ್ನಿ."

"ಹೂಂ," ಎಂದರು ಮಾವ.